ಹೇಳಿದರು, ಆದರೆ ಬಾಯಿಬಿಟ್ಟು ಹೇಳಲಿಲ್ಲ: ಆವಿಯಾಂಕಾ 52ರ ಕೊನೆಯ ರೇಡಿಯೋ ಮಾತುಗಳು

ರಾತ್ರಿ 9 ಗಂಟೆ 24 ನಿಮಿಷ. ನ್ಯೂಯಾರ್ಕ್‌ನ ಕೆನಡಿ ವಿಮಾನ ನಿಲ್ದಾಣದ ಸುತ್ತ ಮಳೆ, ಕೆಳಗಿಳಿದ ಮೋಡ, ಜೋರು ಗಾಳಿ. ಇಳಿಯಲು ಬಂದಿದ್ದ ಬೋಯಿಂಗ್ 707 ಒಂದು ರನ್‌ವೇ ಕಾಣದೆ ಮತ್ತೆ ಮೇಲೇರುತ್ತಿದೆ. ಕ್ಯಾಪ್ಟನ್ ಪಕ್ಕದ ಸೀಟಿನ ಕೋ-ಪೈಲಟ್‌ಗೆ ಸ್ಪ್ಯಾನಿಷ್‌ನಲ್ಲಿ ಹೇಳುತ್ತಾರೆ: "ನಾವು ಎಮರ್ಜೆನ್ಸಿಯಲ್ಲಿದ್ದೇವೆ ಅಂತ ಅವರಿಗೆ ಹೇಳಿ."

ಕೋ-ಪೈಲಟ್ ಮೈಕ್ ಬಟನ್ ಒತ್ತಿ ನಿಲ್ದಾಣದ ನಿಯಂತ್ರಣ ಟವರ್‌ಗೆ ಇಂಗ್ಲಿಷ್‌ನಲ್ಲಿ ಹೇಳುತ್ತಾರೆ. ದಿಕ್ಕು 180, ಇನ್ನೊಮ್ಮೆ ಪ್ರಯತ್ನ ಮಾಡುತ್ತೇವೆ, "ವಿ ಆರ್ ರನ್ನಿಂಗ್ ಔಟ್ ಆಫ್ ಫ್ಯೂಯಲ್". ನಮ್ಮ ಇಂಧನ ಮುಗಿಯುತ್ತಿದೆ.

ಟವರ್‌ನಿಂದ ಬಂದ ಉತ್ತರ ಒಂದೇ ಪದ. "ಓಕೆ."

ಇದಾಗಿ 10 ನಿಮಿಷಕ್ಕೆ ಆ ವಿಮಾನ ಲಾಂಗ್ ಐಲ್ಯಾಂಡ್‌ನ ಕೋವ್ ನೆಕ್ ಎಂಬಲ್ಲಿ ಗುಡ್ಡದ ಮೇಲೆ ಬಿತ್ತು. ಅದರಲ್ಲಿದ್ದ 158 ಜನರಲ್ಲಿ 73 ಮಂದಿ ಸತ್ತರು. ಬೆಂಕಿ ಹತ್ತಲಿಲ್ಲ. ಹತ್ತಿಕೊಳ್ಳಲು ಟ್ಯಾಂಕ್‌ಗಳಲ್ಲಿ ಇಂಧನವೇ ಉಳಿದಿರಲಿಲ್ಲ.

ಇದು 1990ರ ಜನವರಿ 25ರಂದು ನಡೆದದ್ದು. ಕೊಲಂಬಿಯಾದ ಆವಿಯಾಂಕಾ ಸಂಸ್ಥೆಯ 52ನೇ ನಂಬರ್ ವಿಮಾನ. ಬೊಗೋಟಾದಿಂದ ಹೊರಟು, ಮೆಡೆಯೀನ್‌ನಲ್ಲಿ ನಿಂತು, ನ್ಯೂಯಾರ್ಕ್‌ಗೆ ಬರುತ್ತಿತ್ತು. ಪೈಲಟ್‌ಗಳು ಮತ್ತು ಅವರಿಗೆ ನೆಲದಿಂದ ದಾರಿ ಹೇಳುವ ಕಂಟ್ರೋಲರ್‌ಗಳ ನಡುವಿನ ಮಾತನ್ನು ಅರ್ಥ ಮಾಡಿಕೊಳ್ಳಬೇಕು ಎನ್ನುವವರಿಗೆ ನಾನು ಮೊದಲು ಹೇಳುವುದು ಈ ಪ್ರಕರಣವನ್ನೇ. ರೋಜರ್ ಅಂದರೆ ಏನು, ವಿಲ್ಕೋ ಅಂದರೆ ಏನು ಎಂದು ಪಟ್ಟಿ ಮಾಡಿ ಬಾಯಿಪಾಠ ಮಾಡಿದರೆ ಅರ್ಧ ಮಾತ್ರ ಗೊತ್ತಾಗುತ್ತದೆ. ಆಡಬೇಕಾದ ಪದವನ್ನು ಆಡದೇ ಹೋದರೆ ಏನಾಗುತ್ತದೆ ಎನ್ನುವುದು ಉಳಿದರ್ಧ.

ಮೊದಲು, ಆ ಭಾಷೆಯ ಬಗ್ಗೆ ಸ್ವಲ್ಪ

ವಿಮಾನದ ರೇಡಿಯೋ ನಮ್ಮ ಫೋನಿನಂತಲ್ಲ. ಒಂದು ಫ್ರೀಕ್ವೆನ್ಸಿಯಲ್ಲಿ ಹತ್ತಾರು ವಿಮಾನ ಇರುತ್ತವೆ. ಒಂದು ಹೊತ್ತಿಗೆ ಒಬ್ಬರು ಮಾತ್ರ ಮಾತನಾಡಬಹುದು. ಇಬ್ಬರು ಒಟ್ಟಿಗೆ ಬಟನ್ ಒತ್ತಿದರೆ ಕಿವಿಗೆ ಬೀಳುವುದು ಕೀರಲು ಸದ್ದು. ಹೀಗಾಗಿ ಮಾತು ಚುಟುಕಾಗಿರಬೇಕು, ಪದಗಳು ಮೊದಲೇ ಗೊತ್ತುಮಾಡಿಕೊಂಡವು ಆಗಿರಬೇಕು.

ರೋಜರ್ ಅಂದರೆ "ನೀವು ಹೇಳಿದ್ದು ಪೂರ್ತಿ ಕೇಳಿಸಿತು", ಅಷ್ಟೇ. ಒಪ್ಪಿದೆ ಅಂತಲ್ಲ, ಮಾಡುತ್ತೇನೆ ಅಂತಲೂ ಅಲ್ಲ. ಮಾಡುತ್ತೇನೆ ಎನ್ನಬೇಕಾದರೆ ವಿಲ್ಕೋ. ಸ್ಟ್ಯಾಂಡ್‌ಬೈ ಅಂದರೆ ತಾಳಿ, ನಾನೇ ಕರೆಯುತ್ತೇನೆ. ಅದು ಅನುಮತಿಯೂ ಅಲ್ಲ, ನಿರಾಕರಣೆಯೂ ಅಲ್ಲ. ಅನೇಬಲ್ ಅಂದರೆ ಇದು ನನ್ನಿಂದ ಆಗದು. ಈ ಒಂದು ಪದವನ್ನು ಪೈಲಟ್‌ಗಳು ಇನ್ನಷ್ಟು ಧೈರ್ಯವಾಗಿ ಬಳಸಬೇಕು ಎಂದು ನನಗೆ ಯಾವಾಗಲೂ ಅನ್ನಿಸುತ್ತದೆ. ಕಂಟ್ರೋಲರ್ ಎತ್ತರ, ದಿಕ್ಕು, ರನ್‌ವೇ ನಂಬರ್ ಏನಾದರೂ ಕೊಟ್ಟರೆ ಪೈಲಟ್ ಅದನ್ನು ತಿರುಗಿ ಹೇಳಬೇಕು. ಇದಕ್ಕೆ ರೀಡ್‌ಬ್ಯಾಕ್ ಎನ್ನುತ್ತಾರೆ. ತಪ್ಪಿದ್ದರೆ ಕಂಟ್ರೋಲರ್ ಅಲ್ಲೇ ತಿದ್ದುತ್ತಾರೆ.

ಇನ್ನು ಅಪಾಯದ ಪದಗಳು ಎರಡು. ಮೇಡೇ ಎಂದು ಮೂರು ಸಲ ಹೇಳಿದರೆ ಜೀವಕ್ಕೆ ಅಪಾಯ ಬಂದಿದೆ, ಈಗಲೇ ಸಹಾಯ ಬೇಕು. ಪ್ಯಾನ್-ಪ್ಯಾನ್ ಎಂದು ಮೂರು ಸಲ ಹೇಳಿದರೆ ಪರಿಸ್ಥಿತಿ ತುರ್ತಿನದು, ಆದರೆ ಈ ಕ್ಷಣಕ್ಕೆ ಸಹಾಯ ಬೇಕಾಗಿಲ್ಲ. ಮೇಡೇ ಎಂಬುದು ಲಂಡನ್ ಬಳಿಯ ಕ್ರಾಯ್ಡನ್ ವಿಮಾನ ನಿಲ್ದಾಣದಲ್ಲಿ 1920ರ ದಶಕದಲ್ಲಿ ಹುಟ್ಟಿದ ಪದ. "ನನಗೆ ಸಹಾಯ ಮಾಡಿ" ಎನ್ನುವ ಫ್ರೆಂಚ್ ಮಾತಿನ ಉಚ್ಚಾರವನ್ನು ಹಾಗೇ ಎತ್ತಿಕೊಂಡದ್ದು.

ಈ ಎರಡು ಪದಗಳು, ಇಲ್ಲವೇ ನೇರವಾಗಿ ಎಮರ್ಜೆನ್ಸಿ ಎಂಬ ಪದ, ಕಂಟ್ರೋಲರ್ ಕಿವಿಗೆ ಬಿದ್ದರೆ ಏನು ಮಾಡಬೇಕು ಎಂಬುದು ಮೊದಲೇ ನಿಗದಿಯಾಗಿದೆ. ದಾರಿ ಬಿಡಿಸಬೇಕು, ಬೇರೆಯವರನ್ನು ಪಕ್ಕಕ್ಕೆ ಸರಿಸಬೇಕು, ಅಗ್ನಿಶಾಮಕ ದಳಕ್ಕೆ ತಿಳಿಸಬೇಕು. ಅಂದರೆ ಇವು ಪರಿಸ್ಥಿತಿ ವಿವರಿಸುವ ಪದಗಳಲ್ಲ. ಸ್ವಿಚ್ ಇದ್ದ ಹಾಗೆ. ಒತ್ತಿದರೆ ಕೆಲಸ ಶುರುವಾಗುತ್ತದೆ. "ಇಂಧನ ಮುಗಿಯುತ್ತಿದೆ" ಎನ್ನುವುದು ಸ್ವಿಚ್ ಅಲ್ಲ, ಸುಮ್ನೆ ಒಂದು ಸುದ್ದಿ. ಆವಿಯಾಂಕಾ 52ರ ಕಥೆ ಇರುವುದು ಇಲ್ಲೇ.

ಒಂದು ಗಂಟೆ 17 ನಿಮಿಷದ ಸುತ್ತು

ಆ ಸಂಜೆ ಅಮೆರಿಕದ ಈಶಾನ್ಯ ಕರಾವಳಿಯಲ್ಲಿ ಹವಾಮಾನ ಕೆಟ್ಟಿತ್ತು. ಕೆನಡಿಯಲ್ಲಿ ವಿಮಾನಗಳು ಸಾಲುಗಟ್ಟಿದ್ದವು. ಸಾಲು ಉದ್ದವಾದಾಗ ಕಂಟ್ರೋಲರ್‌ಗಳು ವಿಮಾನಗಳನ್ನು ಆಕಾಶದಲ್ಲೇ ಒಂದು ಗೊತ್ತಾದ ಜಾಗದಲ್ಲಿ ಸುತ್ತು ಹಾಕಿಸುತ್ತಾರೆ. ಇದೇ ಹೋಲ್ಡಿಂಗ್. ಆವಿಯಾಂಕಾ 52ಕ್ಕೆ ಇದು ಮೂರು ಸಲ ಬಂತು. ನಾರ್‌ಫೋಕ್ ಹತ್ತಿರ 19 ನಿಮಿಷ. ಅಟ್ಲಾಂಟಿಕ್ ಸಿಟಿ ಹತ್ತಿರ 29 ನಿಮಿಷ. ಕೆನಡಿಯಿಂದ 39 ನಾಟಿಕಲ್ ಮೈಲಿ ದಕ್ಷಿಣಕ್ಕೆ ಮತ್ತೆ 29 ನಿಮಿಷ. ಒಟ್ಟು 1 ಗಂಟೆ 17 ನಿಮಿಷ.

ಈ ಹೊತ್ತಿನಲ್ಲಿ ಕಾಕ್‌ಪಿಟ್‌ನಲ್ಲಿದ್ದವರು ಮೂವರು. ಕ್ಯಾಪ್ಟನ್ ವಿಮಾನ ಹಾರಿಸುತ್ತಿದ್ದರು. ಅವರ ಇಂಗ್ಲಿಷ್ ಅಷ್ಟಕ್ಕಷ್ಟೇ. ರೇಡಿಯೋ ಪೂರ್ತಿ ಕೋ-ಪೈಲಟ್ ಕೈಯಲ್ಲಿತ್ತು. ಇಂಧನ, ಇಂಜಿನ್ ನೋಡಿಕೊಳ್ಳಲು ಫ್ಲೈಟ್ ಇಂಜಿನಿಯರ್ ಇದ್ದರು. ಹೊರಗಿನವರ ಜೊತೆಗಿನ ಪ್ರತಿಯೊಂದು ಮಾತೂ ಒಬ್ಬರ ಬಾಯಿಂದಲೇ ಹೋಗಬೇಕು, ಒಬ್ಬರ ಕಿವಿಯಿಂದಲೇ ಬರಬೇಕು. ಆ ಒಬ್ಬರು ಏನು ಹೇಳಿದರು ಎಂದು ಒಳಗೆ ಪರೀಕ್ಷಿಸುವವರು ಯಾರೂ ಇರಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ.

ರಾತ್ರಿ 8:44. ಮೂರನೇ ಹೋಲ್ಡಿಂಗ್. ದೂರದಲ್ಲಿರುವ ವಿಮಾನಗಳನ್ನು ನೋಡಿಕೊಳ್ಳುವ ನ್ಯೂಯಾರ್ಕ್ ಸೆಂಟರ್‌ನ ಕಂಟ್ರೋಲರ್, ಮುಂದಿನ ಅನುಮತಿ 9:05ಕ್ಕೆ ಸಿಗಬಹುದು ಎನ್ನುತ್ತಾರೆ. ಇನ್ನೂ 20 ನಿಮಿಷಕ್ಕೂ ಜಾಸ್ತಿ ಕಾಯಬೇಕು. ಆಗ ಕೋ-ಪೈಲಟ್ ಹೇಳುತ್ತಾರೆ: "ಐ ಥಿಂಕ್ ವಿ ನೀಡ್ ಪ್ರಯಾರಿಟಿ." ನಮಗೆ ಆದ್ಯತೆ ಬೇಕು ಅನ್ನಿಸುತ್ತದೆ.

ಈ ವಾಕ್ಯವನ್ನು ಬಿಡಿಸಿ ನೋಡಿ. ಇಂಗ್ಲಿಷ್‌ನಲ್ಲಿ ಮೊದಲಿಗೇ "ಅನ್ನಿಸುತ್ತದೆ" ಇದೆ. ಕೊನೆಗೆ "ಪ್ರಯಾರಿಟಿ" ಇದೆ. ಕಂಟ್ರೋಲರ್‌ಗಳ ಪುಸ್ತಕದಲ್ಲಿ ಪ್ರಯಾರಿಟಿ ಎಂಬ ಪದಕ್ಕೆ ಕಟ್ಟಿಕೊಟ್ಟ ಕೆಲಸ ಯಾವುದೂ ಇರಲಿಲ್ಲ. ಆದರೆ ಪೈಲಟ್‌ಗಳ ಕಡೆ ಆ ಪದದ ತೂಕ ಬೇರೆ ಇತ್ತು. ತನಿಖೆಯಲ್ಲಿ ಆವಿಯಾಂಕಾದ ಇನ್ನೊಬ್ಬ ಕ್ಯಾಪ್ಟನ್ ಸಾಕ್ಷಿ ಹೇಳಿದರು. ತಯಾರಕ ಕಂಪನಿಯ ತರಬೇತಿ ಮತ್ತು ಕೈಪಿಡಿಗಳಲ್ಲಿ ಇಂಧನ ಕಡಿಮೆಯಾದಾಗ ಪ್ರಯಾರಿಟಿ ಎಂಬ ಪದವೇ ಬರುತ್ತಿದ್ದರಿಂದ, ಪ್ರಯಾರಿಟಿ ಅಂದರೂ ಎಮರ್ಜೆನ್ಸಿ ಅಂದರೂ ಒಂದೇ ಎನ್ನುವ ಭಾವನೆ ಪೈಲಟ್‌ಗಳಲ್ಲಿ ಬಂದಿತ್ತು ಎಂದರು. ಒಂದೇ ಪದ. ಮೇಲೆ ಕೂತವರಿಗೆ ಅದು ಕೂಗು, ಕೆಳಗೆ ಕೂತವರಿಗೆ ಅದು ಮನವಿ.

ಆದರೂ ಕಂಟ್ರೋಲರ್ ಕಡೆಗಣಿಸಲಿಲ್ಲ. ಎಷ್ಟು ಹೊತ್ತು ಕಾಯಬಲ್ಲಿರಿ, ಬದಲಿ ನಿಲ್ದಾಣ ಯಾವುದು ಎಂದು ಕೇಳಿದರು. ಉತ್ತರ: ಸುಮಾರು 5 ನಿಮಿಷ, ಅದಕ್ಕಿಂತ ಜಾಸ್ತಿ ಆಗದು. ಬದಲಿ ನಿಲ್ದಾಣವನ್ನು ಇನ್ನೊಮ್ಮೆ ಹೇಳಿ ಎಂದಾಗ ಕೋ-ಪೈಲಟ್ ಹೇಳಿದ ಮಾತು ಇಡೀ ರಾತ್ರಿಯಲ್ಲೇ ಅತ್ಯಂತ ಸ್ಪಷ್ಟವಾದದ್ದು: ಅದು ಬೋಸ್ಟನ್ ಆಗಿತ್ತು, ಆದರೆ ಈಗ ಅಲ್ಲಿಗೆ ಹೋಗಲಾಗದು, ಇಂಧನ ಮುಗಿದುಹೋಗುತ್ತದೆ.

ಬೋಸ್ಟನ್ ಕೈಬಿಟ್ಟಿತು ಅಂದರೆ ಈ ವಿಮಾನಕ್ಕೆ ಉಳಿದದ್ದು ಕೆನಡಿ ಒಂದೇ. ಯಾರು ಕೇಳಿದರೂ ಎದ್ದು ಕೂರಬೇಕಾದ ಮಾತು, ಅಲ್ವಾ? ಆದರೆ ಅಷ್ಟರಲ್ಲಿ ಪಕ್ಕದಲ್ಲಿದ್ದ ಇನ್ನೊಬ್ಬ ಕಂಟ್ರೋಲರ್ ಮುಂದಿನ ಘಟಕಕ್ಕೆ ಫೋನ್ ಹಚ್ಚಿಯಾಗಿತ್ತು. "ಆವಿಯಾಂಕಾ 52 ಹೋಲ್ಡ್‌ನಲ್ಲಿ ಇನ್ನು 5 ನಿಮಿಷ ಮಾತ್ರ ಇರಬಲ್ಲದು, ನೀವು ತೆಗೆದುಕೊಳ್ಳುತ್ತೀರಾ?" ಆ ಕಡೆಯಿಂದ, ವೇಗ 180 ನಾಟ್‌ಗೆ ಇಳಿಸಿ, ನಾನು ತೆಗೆದುಕೊಳ್ಳುತ್ತೇನೆ ಎಂಬ ಉತ್ತರ. ಬೋಸ್ಟನ್‌ನ ಮಾತನ್ನು ಫೋನಿನಲ್ಲಿದ್ದವರು ಕೇಳಿಸಿಕೊಂಡಿರಲಿಲ್ಲ. ಪ್ರಯಾರಿಟಿ ಎಂಬ ಪದವೂ ಮುಂದಕ್ಕೆ ಹೋಗಲಿಲ್ಲ. ಹೋದದ್ದು "5 ನಿಮಿಷ" ಮಾತ್ರ.

ಈ ಪ್ರಕರಣದ ಬಗ್ಗೆ ಓದುವವರು ಹೆಚ್ಚಾಗಿ 9:24ರ "ಓಕೆ" ಹತ್ತಿರ ನಿಲ್ಲುತ್ತಾರೆ. ನನಗೆ ಮುಖ್ಯ ಅನ್ನಿಸುವುದು ಈ 8:44. ಏಕೆಂದರೆ ಇಲ್ಲಿ ಎರಡೂ ಕಡೆಯವರಿಗೆ ತಮ್ಮ ತಮ್ಮ ಲೆಕ್ಕ ಸರಿಹೋಯಿತು. ಕಂಟ್ರೋಲರ್‌ಗಳ ಪ್ರಕಾರ: ಇವರಿಗೆ ಹೆಚ್ಚು ಕಾಯಲಾಗದು ಎಂದರು, ಹೋಲ್ಡ್‌ನಿಂದ ಬಿಡಿಸಿದೆವು, ತೊಂದರೆ ಮುಗಿಯಿತು. ಪೈಲಟ್‌ಗಳ ಪ್ರಕಾರ: ಪ್ರಯಾರಿಟಿ ಕೇಳಿದೆವು, ಕೂಡಲೇ ಬಿಟ್ಟರು, ಅಂದರೆ ನಮ್ಮ ಸ್ಥಿತಿ ಅವರಿಗೆ ಗೊತ್ತಾಗಿದೆ. ಕೇಳಿದ್ದು ಒಂದು, ಕೊಟ್ಟದ್ದು ಇನ್ನೊಂದು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಇದ್ದವು.

"ಅವರಿಗೆ ಗೊತ್ತಿದೆ"

ಹೋಲ್ಡ್‌ನಿಂದ ಹೊರಬಂದ ವಿಮಾನ ಮಾಮೂಲಿ ಸಾಲಿನಲ್ಲಿ ಸೇರಿಕೊಂಡಿತು. 8:56ಕ್ಕೆ ಹೊಸ ಕಂಟ್ರೋಲರ್, ಮುಂದಿನ ವಿಮಾನದಿಂದ ಅಂತರ ಸಾಲದು ಎಂದು ಆಕಾಶದಲ್ಲೇ ಒಂದು ಪೂರ್ತಿ ಸುತ್ತು ಹಾಕಿಸಿದರು. ಎಮರ್ಜೆನ್ಸಿಯಲ್ಲಿರುವ ವಿಮಾನಕ್ಕೆ ಯಾರೂ ಹೀಗೆ ಮಾಡಿಸುವುದಿಲ್ಲ. ಇಲ್ಲಿ ಪೈಲಟ್‌ಗಳಿಗೆ ಸಂಶಯ ಬರಬೇಕಿತ್ತು. ಅನೇಬಲ್ ಎನ್ನಬೇಕಿದ್ದ ಜಾಗ ಇದು. ಅವರು ಸುಮ್ಮನೆ ತಿರುಗಿದರು.

9:09ರ ಸುಮಾರಿಗೆ ಕಾಕ್‌ಪಿಟ್ ರೆಕಾರ್ಡರ್‌ನಲ್ಲಿ ದಾಖಲಾದ ಮಾತು ಕೇಳಿ. ಟ್ಯಾಂಕ್‌ನಲ್ಲಿ 1,000 ಪೌಂಡ್‌ಗಿಂತ ಕಡಿಮೆ ಇಂಧನ ಇದ್ದಾಗ ಗೋ-ಅರೌಂಡ್, ಅಂದರೆ ಇಳಿಯದೆ ಮತ್ತೆ ಮೇಲೇರುವುದು, ಹೇಗೆ ಎಂದು ಫ್ಲೈಟ್ ಇಂಜಿನಿಯರ್ ಆಗಲೇ ಓದಿ ಹೇಳಿದ್ದಾರೆ: ಇಂಜಿನ್‌ಗೆ ನಿಧಾನವಾಗಿ ಶಕ್ತಿ ಕೊಡಬೇಕು, ಮೂತಿ ಜಾಸ್ತಿ ಎತ್ತಬಾರದು. ಅಂಥ ಹೊತ್ತಿನಲ್ಲಿ ಮೂವರ ನಡುವೆ ಈ ಮಾತು ಬರುತ್ತದೆ. ನಾವು ಕಷ್ಟದಲ್ಲಿದ್ದೇವೆ ಎಂದು ಅವರಿಗೆ ಗೊತ್ತಿದೆ. ಇಲ್ಲ, ಸುಮ್ನೆ ಕೆಳಗಿಳಿಸುತ್ತಿದ್ದಾರೆ. ಕೊನೆಗೆ ಕೋ-ಪೈಲಟ್: "ಅವರು ನಮಗೆ ಪ್ರಯಾರಿಟಿ ಕೊಡುತ್ತಿದ್ದಾರೆ."

ಅದನ್ನು ಓದುವಾಗಲೆಲ್ಲ ನನಗೆ ಸಂಕಟವಾಗುತ್ತದೆ. ಆರು ನಿಮಿಷ ಕಳೆಯುವಷ್ಟರಲ್ಲಿ ಟವರ್ ಅವರಿಗೆ ಹೇಳಿದ್ದು, ನೀವು ಮೂರನೆಯವರು. ಮುಂದೆ ಒಂದು ಬೋಯಿಂಗ್ 727 ಇದೆ, ಅದರ ಹಿಂದೆ ಬನ್ನಿ. ಪ್ರಯಾರಿಟಿ ಸಿಕ್ಕ ವಿಮಾನ ಮೂರನೆಯದಾಗಿ ಬರುವುದುಂಟೆ? ರೇಡಿಯೋದಲ್ಲಿ ಇಂಥ ಸಣ್ಣ ಸೂಚನೆಗಳು ಬರುತ್ತಲೇ ಇರುತ್ತವೆ. ನಮ್ಮ ಮಾತು ಎದುರಿನವರಿಗೆ ಹೇಗೆ ತಲುಪಿದೆ ಎಂಬುದು ಅವರ ಉತ್ತರದಿಂದ ಗೊತ್ತಾಗುವುದಿಲ್ಲ. ಮುಂದೆ ಅವರು ಕೊಡುವ ಆದೇಶದಿಂದ ಗೊತ್ತಾಗುತ್ತದೆ.

ಅಷ್ಟೊತ್ತಿಗೆ ಕ್ಯಾಪ್ಟನ್ ದಣಿದಿದ್ದರು. ಸ್ವಲ್ಪ ಜೋರಾಗಿ ಹೇಳಿ, ನನಗೆ ಕೇಳಿಸುತ್ತಿಲ್ಲ ಎಂದು ಕೋ-ಪೈಲಟ್‌ಗೆ ಹೇಳಿದ್ದು ರೆಕಾರ್ಡರ್‌ನಲ್ಲಿದೆ. "22 ಎಡ" ಎಂಬ ಹೆಸರಿನ ರನ್‌ವೇಗೆ ಇಳಿಯುವಾಗ ವಿಂಡ್ ಶಿಯರ್, ಅಂದರೆ ಗಾಳಿ ದಿಢೀರನೆ ದಿಕ್ಕು ವೇಗ ಬದಲಿಸುವುದು, ಅವರನ್ನು ಕೆಳಕ್ಕೆ ತಳ್ಳಿತು. ನೆಲ ಹತ್ತಿರ ಬಂತು ಎಂಬ ಎಚ್ಚರಿಕೆ ಸದ್ದು ಬಡಿದುಕೊಂಡಿತು. ರನ್‌ವೇ ಎಲ್ಲಿ? ಕಾಣುತ್ತಿಲ್ಲ. 9:23ಕ್ಕೆ ಮತ್ತೆ ಮೇಲಕ್ಕೆ.

ಬಾಲಕ್ಕೆ ಕಟ್ಟಿದ ಸುದ್ದಿ

ಇನ್ನು ಆ ಹತ್ತು ನಿಮಿಷ. ಕ್ಯಾಪ್ಟನ್ ಎಮರ್ಜೆನ್ಸಿ ಎಂದು ಹೇಳಿಸಲು ಎಷ್ಟು ಪ್ರಯತ್ನಪಟ್ಟರು ನೋಡಿ.

ಮೊದಲು, "ಎಮರ್ಜೆನ್ಸಿ ಅಂತ ಹೇಳಿ." ಕೋ-ಪೈಲಟ್ ಟವರ್‌ಗೆ ಹೇಳಿದ್ದು, ಮೇಲೆ ಬರೆದಂತೆ, ದಿಕ್ಕು 180, ಇನ್ನೊಮ್ಮೆ ಪ್ರಯತ್ನ, ಇಂಧನ ಮುಗಿಯುತ್ತಿದೆ. ಕ್ಯಾಪ್ಟನ್ ಮತ್ತೆ, "ನಾವು ಎಮರ್ಜೆನ್ಸಿಯಲ್ಲಿದ್ದೇವೆ ಅಂತ ತಿಳಿಸಿ. ಹೇಳಿದಿರಾ?" ಕೋ-ಪೈಲಟ್, "ಹೌದು ಸರ್, ಆಗಲೇ ತಿಳಿಸಿದ್ದೇನೆ."

ಅಷ್ಟರಲ್ಲಿ ಟವರ್‌ನಿಂದ, ಇಳಿಯಲು ಬರುವ ವಿಮಾನಗಳನ್ನು ಸಾಲಿಗೆ ತರುವ ಅಪ್ರೋಚ್ ಕಂಟ್ರೋಲರ್‌ಗೆ ಬದಲಾವಣೆ. ಹೊಸ ಫ್ರೀಕ್ವೆನ್ಸಿ. ಟವರ್‌ಗೆ ಹೇಳಿದ್ದು ಇವರಿಗೆ ತಲುಪಿದೆ ಅಂತೇನೂ ಇಲ್ಲ. 3,000 ಅಡಿಗೆ ಏರಿ ಎಂದು ಇವರು ಹೇಳುತ್ತಾರೆ. ಕ್ಯಾಪ್ಟನ್, "ಇಂಧನ ಇಲ್ಲ ಅಂತ ತಿಳಿಸಿ." ಆಗ ಕೋ-ಪೈಲಟ್ ಹೇಳಿದ ವಾಕ್ಯ: "ಕ್ಲೈಂಬ್ ಆ್ಯಂಡ್ ಮೇಂಟೇನ್ ತ್ರೀ ಥೌಸಂಡ್, ಆ್ಯಂಡ್ ಆ... ವಿ ಆರ್ ರನ್ನಿಂಗ್ ಔಟ್ ಆಫ್ ಫ್ಯೂಯಲ್, ಸರ್." ಉತ್ತರ: ಓಕೆ, ದಿಕ್ಕು 080.

ಈ ವಾಕ್ಯದ ಒಳಗಟ್ಟು ನೋಡಬೇಕು. ಮೊದಲ ಭಾಗ ರೀಡ್‌ಬ್ಯಾಕ್. ಕಂಟ್ರೋಲರ್ ಕೊಟ್ಟದ್ದನ್ನೇ ತಿರುಗಿಸಿ ಹೇಳಿದ್ದು. ರೀಡ್‌ಬ್ಯಾಕ್ ಬಂದಾಗ ಕಂಟ್ರೋಲರ್ ಕಿವಿ ಹುಡುಕುವುದು ಒಂದನ್ನೇ: ನಾನು ಹೇಳಿದ ಸಂಖ್ಯೆ ಸರಿಯಾಗಿ ಬಂತೇ? ಮೂರು ಸಾವಿರ, ಸರಿ. ಅಲ್ಲಿಗೆ ಅವರ ಗಮನ ಮುಂದಿನ ವಿಮಾನಕ್ಕೆ ಹೋಗಿಬಿಡುತ್ತದೆ. ಸಾವು ಬದುಕಿನ ಸುದ್ದಿ ಆ ವಾಕ್ಯದ ಬಾಲದಲ್ಲಿದೆ. ಅದೂ ಒಂದು "ಆ್ಯಂಡ್ ಆ" ಹಿಂದೆ, ಒಂದು "ಸರ್" ಮುಂದೆ. ಮಳೆಯ ರಾತ್ರಿ, ಸಾಲುಗಟ್ಟಿದ ವಿಮಾನಗಳು. ಇಂಥ ಹೊತ್ತಿನಲ್ಲಿ ಇಂಧನದ ಚಿಂತೆ ಎಲ್ಲರಿಗೂ ಇರುತ್ತದೆ.

ಆದರೂ ಕಂಟ್ರೋಲರ್ ಪೂರ್ತಿ ಮರೆತಿರಲಿಲ್ಲ. 9:26ಕ್ಕೆ ಅವರೇ ಕೇಳಿದರು. ನಿಮ್ಮನ್ನು ಈಶಾನ್ಯಕ್ಕೆ ಸುಮಾರು 15 ಮೈಲಿ ಕರೆದುಕೊಂಡು ಹೋಗಿ ಮತ್ತೆ ರನ್‌ವೇ ಕಡೆ ತಿರುಗಿಸುತ್ತೇನೆ, ನಿಮಗೂ ನಿಮ್ಮ ಇಂಧನಕ್ಕೂ ಇದು ಪರವಾಗಿಲ್ಲವೇ?

ಬಾಗಿಲು ಅಷ್ಟಗಲ ತೆರೆದಿತ್ತು. ಕೋ-ಪೈಲಟ್ ಹೇಳಿದ್ದು: "ಐ ಗೆಸ್ ಸೋ. ಥ್ಯಾಂಕ್ ಯೂ ವೆರಿ ಮಚ್."

ಪರವಾಗಿಲ್ವಾ ಎಂದು ಯಾರಾದರೂ ಕೇಳಿದರೆ ನಮ್ಮ ಬಾಯಿಗೆ ತಾನಾಗೇ ಬರುವುದು "ಪರವಾಗಿಲ್ಲ". ಕೈ ಸುಡುತ್ತಿದ್ದರೂ ಹಾಗೇ ಅನ್ನುತ್ತೇವೆ. ಪ್ರಶ್ನೆಯೇ ಉತ್ತರವನ್ನು ಬಾಯಿಗಿಟ್ಟುಬಿಡುತ್ತದೆ. ಅದೇ ಪ್ರಶ್ನೆ "ಇನ್ನು ಎಷ್ಟು ನಿಮಿಷದ ಇಂಧನ ಇದೆ?" ಎಂದಾಗಿದ್ದರೆ ಸಂಕೋಚಕ್ಕೆ ಜಾಗವೇ ಇರುತ್ತಿರಲಿಲ್ಲ. ಸಂಖ್ಯೆ ಹೇಳಲೇಬೇಕಿತ್ತು. ಆ ಸಂಖ್ಯೆ ಹೇಳಿದ್ದರೆ 15 ಮೈಲಿ ಎಂಬ ಮಾತೇ ಬರುತ್ತಿರಲಿಲ್ಲ. ಕ್ಯಾಪ್ಟನ್, ಏನಂದರು ಎಂದು ಕೇಳುತ್ತಾರೆ. ಕಾಕ್‌ಪಿಟ್‌ನಲ್ಲಿ ಒಬ್ಬರು ಹೇಳುತ್ತಾರೆ, ಆತ ಸಿಟ್ಟಾಗಿದ್ದಾನೆ.

ಆ ಕಡೆಯ ಕಂಟ್ರೋಲರ್ ಆಡಿದ ಪದಗಳಲ್ಲಿ ನನಗೆ ಸಿಟ್ಟು ಕಾಣುವುದಿಲ್ಲ. ಕೆಲಸದ ಒತ್ತಡದಲ್ಲಿ ಗಡಿಬಿಡಿಯಾಗಿ ಮಾತನಾಡುವ ಊರಿನ ದನಿ, ಬೇರೆ ಭಾಷೆಯವರ ಕಿವಿಗೆ ಸಿಟ್ಟಿನ ಹಾಗೆ ಕೇಳಿರಬಹುದು. ಸಿಟ್ಟಾದವರ ಹತ್ತಿರ ಮತ್ತೆ ಮತ್ತೆ ಕೇಳಲು ಯಾರಿಗೂ ಮನಸ್ಸು ಬರುವುದಿಲ್ಲ.

ಮುಂದಿನದು ಬೇಗ ಮುಗಿಯುತ್ತದೆ. 9:30ಕ್ಕೆ ಮತ್ತೆ 3,000 ಅಡಿಗೆ ಏರಿ ಎಂದಾಗ ಕೋ-ಪೈಲಟ್ ಮೊದಲ ಸಲ ನೆಗೆಟಿವ್ ಎಂದರು. ಇಂಧನ ಮುಗಿಯುತ್ತಿದೆ ಎಂದರು. ಆಮೇಲೆ ಅದೇ ಉಸಿರಿನಲ್ಲಿ "ಓಕೆ, ತ್ರೀ ಥೌಸಂಡ್" ಎಂದು ಒಪ್ಪಿಕೊಂಡರು. ನೀವು ಎರಡನೆಯವರು ಎಂದು ಕಂಟ್ರೋಲರ್ ತಿಳಿಸಿದರು. 9:32ಕ್ಕೆ ಒಂದು ಇಂಜಿನ್ ನಿಂತಿತು, ಹಿಂದೆಯೇ ಇನ್ನೊಂದು. ಆಗ ರೇಡಿಯೋದಲ್ಲಿ ಹೋದ ಮಾತು: ಎರಡು ಇಂಜಿನ್ ಕಳೆದುಕೊಂಡೆವು, "ವಿ ನೀಡ್ ಪ್ರಯಾರಿಟಿ, ಪ್ಲೀಸ್."

ಆಗಲೂ ಪ್ರಯಾರಿಟಿ. ಆ ಪದ ಅವರ ಮನಸ್ಸಿನಲ್ಲಿ ಎಷ್ಟು ದೊಡ್ಡದಾಗಿತ್ತು ಎಂಬುದು ಇಲ್ಲಿ ಗೊತ್ತಾಗುತ್ತದೆ. ಅವರು ತಮಗೆ ಗೊತ್ತಿದ್ದ ಅತಿ ದೊಡ್ಡ ಪದವನ್ನೇ ಆಡುತ್ತಿದ್ದರು. ವಿಮಾನ ನಿಲ್ದಾಣ ತಲುಪುವಷ್ಟು ಇಂಧನ ಇದೆಯೇ ಎಂದು ಕೊನೆಗೆ ಕಂಟ್ರೋಲರ್ ಕೇಳಿದಾಗ ಉತ್ತರ ಬರಲಿಲ್ಲ.

ತಪ್ಪು ಯಾರದು

ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ 1991ರಲ್ಲಿ ವರದಿ ಕೊಟ್ಟಿತು. ಮುಖ್ಯ ಕಾರಣ: ಇಂಧನವನ್ನು ಸರಿಯಾಗಿ ನಿಭಾಯಿಸದೇ ಇದ್ದದ್ದು, ಇಂಧನದ ಎಮರ್ಜೆನ್ಸಿಯನ್ನು ಸಮಯಕ್ಕೆ ಸರಿಯಾಗಿ ತಿಳಿಸದೇ ಇದ್ದದ್ದು. ಜೊತೆಗೆ, ವಿಮಾನಗಳ ಹರಿವನ್ನು ನಿಯಂತ್ರಿಸಿದ ರೀತಿಯಲ್ಲಿನ ಕೊರತೆ, ಮತ್ತು ಇಂಧನ ಕಡಿಮೆಯಾದ ಸ್ಥಿತಿಯನ್ನು ಹೇಳಲು ಎರಡೂ ಕಡೆಯವರಿಗೆ ಒಂದೇ ಅರ್ಥ ಕೊಡುವ ಪದಗಳು ಇಲ್ಲದಿದ್ದದ್ದು. ಮಿನಿಮಮ್ ಫ್ಯೂಯಲ್ ಎಂಬ ಪದ ಅಮೆರಿಕದಲ್ಲಿ ಆಗಲೇ ಇತ್ತು. ಅದನ್ನೂ ಆ ರಾತ್ರಿ ಯಾರೂ ಆಡಲಿಲ್ಲ.

ಕೋ-ಪೈಲಟ್ ಒಬ್ಬರ ಮೇಲೆ ಇದನ್ನು ಹೊರಿಸುವುದು ನನಗೆ ಸರಿ ಕಾಣುವುದಿಲ್ಲ. ಅವರಿಗೆ 28 ವರ್ಷ. ಆರು ಗಂಟೆಗೂ ಜಾಸ್ತಿ ಹೊತ್ತು ಹಾರಿ ದಣಿದಿದ್ದರು. ಎರಡು ಭಾಷೆಗಳ ನಡುವೆ ಒಬ್ಬರೇ ಓಡಾಡುತ್ತಿದ್ದರು. "ಹೌದು ಸರ್, ತಿಳಿಸಿದ್ದೇನೆ" ಎಂದಾಗ ಅವರು ಸುಳ್ಳು ಹೇಳಲಿಲ್ಲ. ಅವರ ಲೆಕ್ಕದಲ್ಲಿ ತಿಳಿಸಿದ್ದರು. ಇಂಧನ ಮುಗಿಯುತ್ತಿದೆ ಎಂದ ಮೇಲೆ ಇನ್ನೇನು ಹೇಳುವುದು ಬಾಕಿ ಇದೆ ಎಂದು ಯಾರಿಗಾದರೂ ಅನ್ನಿಸುತ್ತದೆ. ಬಾಕಿ ಇತ್ತು. ಅದನ್ನು ಒಂದು ಸಲ ಹೀಗೆ ಹೇಳಬಹುದಿತ್ತು:

"ಮೇಡೇ, ಮೇಡೇ, ಮೇಡೇ. ಆವಿಯಾಂಕಾ ಜೀರೋ ಫೈವ್ ಟು. ಇಂಧನ ಮುಗಿಯುತ್ತಿದೆ. ಈಗಲೇ ನೇರವಾಗಿ ರನ್‌ವೇಗೆ ಬರುತ್ತೇವೆ. ಇಂಧನ ಇಷ್ಟು ನಿಮಿಷ. ವಿಮಾನದಲ್ಲಿ 158 ಜನ."

ಹತ್ತು ಸೆಕೆಂಡಿನ ಮಾತು. ಯಾರು, ಏನು ತೊಂದರೆ, ಏನು ಮಾಡುತ್ತೇವೆ, ಎಷ್ಟು ಹೊತ್ತು, ಎಷ್ಟು ಜನ. ಇಲ್ಲಿ ಇಂಧನವನ್ನು ಪೌಂಡ್, ಕಿಲೋಗಳಲ್ಲಿ ಹೇಳುವುದಿಲ್ಲ. ಸಮಯದಲ್ಲಿ ಹೇಳುತ್ತಾರೆ. ಬೇರೆ ಬೇರೆ ವಿಮಾನ ಎಷ್ಟು ಕುಡಿಯುತ್ತದೆ ಎಂದು ಕಂಟ್ರೋಲರ್ ಲೆಕ್ಕ ಹಾಕುತ್ತ ಕೂರಲಾಗದು. ನಿಮಿಷ ಮಾತ್ರ ಎಲ್ಲರಿಗೂ ಒಂದೇ. 9:24ಕ್ಕೆ ಇದನ್ನು ಹೇಳಿದ್ದರೆ ಇಂಜಿನ್ ನಿಲ್ಲಲು ಇನ್ನೂ 8 ನಿಮಿಷ ಇತ್ತು. 8:44ಕ್ಕೇ ಹೇಳಿದ್ದರೆ 48 ನಿಮಿಷ.

"ಓಕೆ" ಮತ್ತು ಇನ್ನೊಂದು ದುರಂತದ ನಂತರ

ಓಕೆ ಎಂಬ ಪದದ ಬಗ್ಗೆ ಒಂದು ಮಾತು ಹೇಳಲೇಬೇಕು. 1977ರ ಮಾರ್ಚ್ 27ರಂದು ಟೆನೆರಿಫ್ ದ್ವೀಪದಲ್ಲಿ ಎರಡು ಜಂಬೋ ಜೆಟ್‌ಗಳು ರನ್‌ವೇ ಮೇಲೆ ಡಿಕ್ಕಿಯಾಗಿ 583 ಜನ ಸತ್ತರು. ಅಲ್ಲಿಯೂ ಇದೇ ಪದ ಇತ್ತು. ಕೆಎಲ್ಎಂ ವಿಮಾನ "ವಿ ಆರ್ ನೌ ಅಟ್ ಟೇಕಾಫ್" ಎಂದಿತು. ಟವರ್ "ಓಕೆ" ಎಂದು, ಒಂದು ಕ್ಷಣ ಬಿಟ್ಟು, ಸ್ಟ್ಯಾಂಡ್‌ಬೈ ಎಂದು ಮುಂದುವರಿಸಿತು. ಅದೇ ಹೊತ್ತಿಗೆ ಇನ್ನೊಂದು ವಿಮಾನವೂ ಮಾತನಾಡಿದ್ದರಿಂದ ಮುಂದಿನದೆಲ್ಲ ಕೀರಲು ಸದ್ದಿನಲ್ಲಿ ಮುಚ್ಚಿಹೋಯಿತು. ಓಕೆ ಅಂದರೆ ಕೇಳಿಸಿತು ಅಂತಲೋ, ಸರಿ ಹೊರಡಿ ಅಂತಲೋ? ಎರಡೂ ಆಗಬಹುದು. ಇದಕ್ಕೇ ರೇಡಿಯೋದಲ್ಲಿ ರೋಜರ್ ಬೇರೆ, ವಿಲ್ಕೋ ಬೇರೆ, "ಹೌದು" ಎನ್ನುವ ಅಫರ್ಮ್ ಬೇರೆ. ಟೇಕಾಫ್ ಎಂಬ ಪದವನ್ನೂ ಈಗ ಟೇಕಾಫ್‌ಗೆ ಅನುಮತಿ ಕೊಡುವಾಗ ಅಥವಾ ಕೊಟ್ಟದ್ದನ್ನು ರದ್ದು ಮಾಡುವಾಗ ಮಾತ್ರ ಆಡುತ್ತಾರೆ. ಉಳಿದ ಹೊತ್ತಿನಲ್ಲಿ ಡಿಪಾರ್ಚರ್.

ಭಾಷೆಯ ವಿಷಯಕ್ಕೂ ನಿಯಮ ಬಂತು. 1996ರಲ್ಲಿ ಹರಿಯಾಣದ ಚರ್ಖಿ ದಾದ್ರಿ ಮೇಲೆ ಎರಡು ವಿಮಾನಗಳು ಡಿಕ್ಕಿಯಾಗಿ 349 ಜನ ಸತ್ತಾಗಲೂ, ಒಂದು ವಿಮಾನದ ಸಿಬ್ಬಂದಿಯ ಇಂಗ್ಲಿಷ್ ಸಾಲದಾಗಿತ್ತು, ರೇಡಿಯೋಗೆ ಒಬ್ಬರನ್ನೇ ನೆಚ್ಚಿಕೊಂಡಿದ್ದರು ಎಂಬ ಅಂಶ ತನಿಖೆಯಲ್ಲಿ ಬಂದಿತ್ತು. 2008ರ ಮಾರ್ಚ್‌ನಿಂದ ಅಂತರರಾಷ್ಟ್ರೀಯ ಹಾರಾಟದ ಪೈಲಟ್‌ಗಳೂ ಕಂಟ್ರೋಲರ್‌ಗಳೂ ಇಂಗ್ಲಿಷ್ ಪರೀಕ್ಷೆಯಲ್ಲಿ ಆರರಲ್ಲಿ ಕನಿಷ್ಠ ನಾಲ್ಕನೇ ಮಟ್ಟ ಮುಟ್ಟಬೇಕು. ಬಾಯಿಪಾಠದ ಪದಗಳು ಮುಗಿದ ಮೇಲೂ ತಮ್ಮ ತೊಂದರೆ ವಿವರಿಸಲು ಬರುತ್ತದೆಯೇ ಎಂದು ಅಲ್ಲಿ ನೋಡುತ್ತಾರೆ.

ಆವಿಯಾಂಕಾದವರಿಗೆ ಬೇಕಿದ್ದ ಪದಗಳನ್ನು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ 2012ರಲ್ಲಿ ಸ್ಪಷ್ಟ ಮಾಡಿತು. ಜೆಟ್ ವಿಮಾನದಲ್ಲಿ ಕೊನೆಯ 30 ನಿಮಿಷದ ಇಂಧನವನ್ನು ಮುಟ್ಟುವಂತಿಲ್ಲ. ಒಂದೇ ನಿಲ್ದಾಣಕ್ಕೆ ಇಳಿಯುವುದು ನಿಶ್ಚಯವಾಗಿ, ಇನ್ನೇನಾದರೂ ತಡವಾದರೆ ಆ 30 ನಿಮಿಷದ ಪಾಲಿಗೆ ಕೈಹಾಕಬೇಕಾಗಬಹುದು ಎಂದಾದರೆ "ಮಿನಿಮಮ್ ಫ್ಯೂಯಲ್". ಇದು ಎಮರ್ಜೆನ್ಸಿ ಅಲ್ಲ, ಇನ್ನು ತಡ ತಾಳಲಾಗದು ಎಂಬ ಎಚ್ಚರಿಕೆ. ಆ ಪಾಲಿಗೆ ಕೈಹಾಕಿಯೇ ಇಳಿಯಬೇಕಾಗುತ್ತದೆ ಎಂದು ಲೆಕ್ಕ ತೋರಿಸಿದರೆ "ಮೇಡೇ, ಮೇಡೇ, ಮೇಡೇ, ಫ್ಯೂಯಲ್". ಅದು ಹೇಳಬಹುದಾದ ಮಾತಲ್ಲ, ಹೇಳಲೇಬೇಕಾದ ಮಾತು. ಅನ್ನಿಸುತ್ತದೆ, ದಯವಿಟ್ಟು, ಸರ್ ಯಾವುದಕ್ಕೂ ಅದರಲ್ಲಿ ಜಾಗ ಇಲ್ಲ.

ಈಗ ಪೈಲಟ್ ಒಬ್ಬರು ಮಿನಿಮಮ್ ಫ್ಯೂಯಲ್ ಎಂದರೆ ಕಂಟ್ರೋಲರ್ ಬರೀ ಓಕೆ ಎಂದು ಬಿಡುವಂತಿಲ್ಲ. ಉತ್ತರದ ಜೊತೆ ತಡದ ಲೆಕ್ಕವನ್ನೂ ಕೊಡಬೇಕು: "ರೋಜರ್, ನೋ ಡಿಲೇ ಎಕ್ಸ್‌ಪೆಕ್ಟೆಡ್." ಕೇಳಿಸಿತು, ತಡವಾಗುವುದಿಲ್ಲ. ತಡ ಇದ್ದರೆ ಎಷ್ಟು ನಿಮಿಷ ಎಂದು ಸಂಖ್ಯೆ ಹೇಳಬೇಕು. ಆ ಸಂಖ್ಯೆ ಕಿವಿಗೆ ಬಿದ್ದ ಕೂಡಲೇ ಪೈಲಟ್ ತನ್ನ ಇಂಧನದ ಗೇಜ್ ನೋಡಿ ಮುಂದಿನ ಪದ ಯಾವುದು ಎಂದು ನಿರ್ಧರಿಸುತ್ತಾರೆ.